ಜನವರಿಯಲ್ಲಿ ಕೇದಾರಕಂಠ: ಜೋಗಿಮಟ್ಟಿ ಹತ್ತಿದ ಕಾಲುಗಳಿಗೆ ಹಿಮ ಒಗ್ಗೀತೇ?

ಕುಂದವಾಡ ನಡಿಗೆ (ದಾವಣಗೆರೆ):
ನಮಸ್ಕಾರ. ನಲವತ್ತರ ಆಸುಪಾಸಿನ ನಾಲ್ವರು ಗೆಳೆಯರು ಬರುವ ಜನವರಿಯಲ್ಲಿ ಉತ್ತರಾಖಂಡದ ಕೇದಾರಕಂಠ ಹತ್ತಬೇಕೆಂದು ನಿಶ್ಚಯಿಸಿದ್ದೇವೆ. ದಿನವೂ ಕುಂದವಾಡ ಕೆರೆಯ ದಂಡೆಯಲ್ಲಿ ನಡೆಯುತ್ತೇವೆ, ತಿಂಗಳಿಗೊಮ್ಮೆ ಜೋಗಿಮಟ್ಟಿಗೋ ಕೊಂಡಜ್ಜಿ ಗುಡ್ಡಕ್ಕೋ ಹೋಗಿ ಬರುತ್ತೇವೆ. ಆದರೆ ನಮ್ಮಲ್ಲಿ ಯಾರೂ ಹಿಮವನ್ನು ಕಣ್ಣಾರೆ ಕಂಡವರಲ್ಲ. ಫೋನಿನಲ್ಲಿ ನಕ್ಷೆ ಇರುವಾಗ ಗೈಡ್ ಏಕೆ, ಆ ಹಣಕ್ಕೆ ಐಸ್ ಆಕ್ಸ್ (ಹಿಮದಲ್ಲಿ ಹಿಡಿತಕ್ಕೆ ಬಳಸುವ ಕೊಡಲಿ) ಕೊಳ್ಳೋಣ ಎಂದು ಒಬ್ಬ ಗೆಳೆಯ ಹಟ ಹಿಡಿದಿದ್ದಾನೆ. ಈ ತಯಾರಿ ಸಾಕೇ? ಹೋಗಿ ಬಂದವರು ದಯವಿಟ್ಟು ತಿಳಿಸಬೇಕು.

ಕೋಟೆ ಸುತ್ತಿನವ (ಚಿತ್ರದುರ್ಗ):
ಕಾಲಿನ ಶಕ್ತಿಯ ಬಗ್ಗೆ ನಿಮಗೆ ಚಿಂತೆ ಬೇಡ, ಬಟ್ಟೆಯ ಬಗ್ಗೆ ಇರಲಿ. ಚಾರಣ ಶುರುವಾಗುವ ಹಳ್ಳಿ ಸಾಂಕ್ರಿಯಿಂದ ಹತ್ತತೊಡಗಿದಾಗ ಜನವರಿಯಲ್ಲೂ ಬೆವರು ಬರುತ್ತದೆ. ನಾನು ಊರಿನ ರೂಢಿಯಂತೆ ಒಳಗೆ ಹತ್ತಿಯ ಬನಿಯನ್ ತೊಟ್ಟಿದ್ದೆ. ಮರದ ನೆರಳಿನಲ್ಲಿ ಹತ್ತು ನಿಮಿಷ ಕುಳಿತದ್ದೇ ತಡ, ಅದು ಬೆನ್ನಿಗೆ ತಣ್ಣೀರಿನ ಪಟ್ಟಿಯಂತೆ ಅಂಟಿಕೊಂಡಿತು. ರಾತ್ರಿ ಬಿಚ್ಚಿ ಟೆಂಟಿನ ಹಗ್ಗಕ್ಕೆ ಹಾಕಿದ್ದ ಆ ಬನಿಯನ್ ಬೆಳಿಗ್ಗೆ ಹಪ್ಪಳದಂತೆ ಸೆಟೆದು ನಿಂತಿತ್ತು. ಮೈಗೆ ತಾಗುವ ಪದರ ಉಣ್ಣೆಯದೋ ಪಾಲಿಯೆಸ್ಟರಿನದೋ ಆಗಿರಲಿ, ಅದರ ಮೇಲೆ ಬೆಚ್ಚಗಿಡುವ ಫ್ಲೀಸ್ ಅಂಗಿ, ಎಲ್ಲಕ್ಕಿಂತ ಹೊರಗೆ ಗಾಳಿ ತಡೆಯುವ ಜಾಕೆಟ್ ಇರಲಿ. ಹತ್ತುವಾಗ ಒಂದೊಂದಾಗಿ ಕಳಚಿ, ನಿಂತ ಕೂಡಲೇ ತೊಡಬೇಕು. ಹಿಮವು ಬಿಸಿಲಿನ ಅತಿನೇರಳೆ ಕಿರಣಗಳ ಬಹುಪಾಲನ್ನು ಕಣ್ಣಿಗೇ ಎರಚುವುದರಿಂದ ಕಪ್ಪು ಕನ್ನಡಕವಿಲ್ಲದೆ ಹೊರಡಲೇಬೇಡಿ.

ಇಳಿಯುವ ರೀತಿಯೂ ಬೇರೆ. ನಮ್ಮ ಕೋಟೆಯ ಬಂಡೆಯ ಮೇಲೆ ಪಾದವನ್ನು ಪೂರ್ತಿ ಊರಿ ಇಳಿಯುತ್ತೇವೆ. ಮೆತ್ತನೆಯ ಹಿಮದಲ್ಲಿ ಹಾಗೆ ಮಾಡಿದರೆ ಜಾರುತ್ತದೆ, ಮಂಡಿಯನ್ನು ತುಸು ಸಡಿಲಬಿಟ್ಟು ಹಿಮ್ಮಡಿಯನ್ನು ಗಟ್ಟಿಯಾಗಿ ನಾಟಬೇಕು. ಇನ್ನು ನಕ್ಷೆಯ ಮಾತು: ಚಳಿಗೆ ಫೋನಿನ ಬ್ಯಾಟರಿ ನೋಡನೋಡುತ್ತಲೇ ಇಳಿದುಹೋಗುತ್ತದೆ, ನಕ್ಷೆಯ ಕಾಲುದಾರಿ ಹಿಮದ ಕೆಳಗೆ ಹೂತಿರುತ್ತದೆ. ಆ ಪ್ರದೇಶ ಗೋವಿಂದ ವನ್ಯಧಾಮಕ್ಕೆ ಸೇರಿದ್ದು, ಅರಣ್ಯ ಇಲಾಖೆಯ ಅನುಮತಿ ಬೇಕು. ಆ ಓಡಾಟವೂ ಸ್ಥಳೀಯ ಗೈಡ್ ಇದ್ದರೆ ಸುಲಭ.

ಬಿಳಿ ಕೋಟು (ದಾವಣಗೆರೆ):
ವೈದ್ಯನಾಗಿ ಎರಡು ಮಾತು. ಸಾಂಕ್ರಿ ಸುಮಾರು 6,400 ಅಡಿ, ಶಿಖರ ಸುಮಾರು 12,500 ಅಡಿ. ಎರಡು ಸಾವಿರ ಅಡಿಯ ದಾವಣಗೆರೆಯಲ್ಲಿ ಬೆಳೆದ ದೇಹ, ಸಮುದ್ರಮಟ್ಟದಲ್ಲಿ ಸಿಗುವ ಆಮ್ಲಜನಕದ ಮೂರನೇ ಎರಡು ಪಾಲೂ ಸಿಗದ ಜಾಗಕ್ಕೆ ಮೂರ್ನಾಲ್ಕು ದಿನದಲ್ಲಿ ಹೋಗುತ್ತದೆ. ಆದ್ದರಿಂದ ಸಾಂಕ್ರಿಯಲ್ಲಿ ಒಂದು ದಿನ ಹೆಚ್ಚಾಗಿ ತಂಗಿರಿ. ಎತ್ತರದ ಕಾಯಿಲೆ ತಡೆಯಲು ಕೊಡುವ ಅಸೆಟಜೋಲಮೈಡ್ ಮಾತ್ರೆಯನ್ನು ಗೆಳೆಯರ ಮಾತು ಕೇಳಿ ನುಂಗಬೇಡಿ. ಸಲ್ಫಾ ಔಷಧ ಒಗ್ಗದವರು ಅದನ್ನು ಮೊದಲೇ ವೈದ್ಯರಿಗೆ ಹೇಳಬೇಕು. ತಲೆನೋವು, ವಾಕರಿಕೆ ಬಂದರೆ ಮತ್ತೆ ಮೇಲೆ ಹತ್ತಬಾರದು. ನಡಿಗೆ ತೂರಾಡಿದರೆ, ಮಾತು ತೊದಲಿದರೆ, ಕುಳಿತಲ್ಲೇ ಏದುಸಿರು ಬಂದರೆ ಬೆಳಗಾಗಲಿ ಎಂದು ಕಾಯದೆ ಕೆಳಗಿಳಿಸಬೇಕು. ಇಂಥ ಹೊತ್ತಿನಲ್ಲಿ ಸಂಕೋಚವೇ ದೊಡ್ಡ ಶತ್ರು: ನಾಲ್ವರ ಮುಂದೆ ಅಳುಕು ತೋರಬಾರದೆಂದು ತಲೆನೋವನ್ನು ಮುಚ್ಚಿಡುವ ಗೆಳೆಯ ಪ್ರತಿ ತಂಡದಲ್ಲೂ ಒಬ್ಬನಿರುತ್ತಾನೆ.

ಹಗ್ಗ ಮತ್ತು ಗಂಟು (ಚಿತ್ರದುರ್ಗ):
ಉತ್ತರಕಾಶಿಯಲ್ಲಿರುವ, 1965ರಲ್ಲಿ ಆರಂಭವಾದ ನೆಹರೂ ಪರ್ವತಾರೋಹಣ ಸಂಸ್ಥೆಯ 28 ದಿನಗಳ ಪ್ರಾಥಮಿಕ ಶಿಬಿರವನ್ನು ನಾನು ಮುಗಿಸಿದ್ದೇನೆ. ಐಸ್ ಆಕ್ಸ್ ಹಿಡಿದು ಜಾರುವ ದೇಹವನ್ನು ನಿಲ್ಲಿಸುವುದನ್ನು ಅಲ್ಲಿ ಎಷ್ಟೋ ಸಲ ಬಿದ್ದು ಬಿದ್ದು ಕಲಿಯಬೇಕಾಯಿತು. ಕಲಿಯದವನ ಕೈಯಲ್ಲಿ ಅದು ಅವನ ಹೊಟ್ಟೆಗೇ ಚುಚ್ಚುವ ಕಬ್ಬಿಣ. ನಿಮ್ಮ ದಾರಿಗೆ ಬೂಟಿಗೆ ಬಿಗಿಯುವ ಮುಳ್ಳಿನ ಮೈಕ್ರೋಸ್ಪೈಕ್, ಬೂಟಿನೊಳಗೆ ಹಿಮ ನುಗ್ಗದಂತೆ ಕಾಲಿಗೆ ಸುತ್ತುವ ಗೇಟರ್, ಒಂದು ಜೋಡಿ ಊರುಗೋಲು ಸಾಕು. ಹೊಸ ಹಿಮ ದಪ್ಪಗೆ ಬಿದ್ದ ಮರುದಿನ ಕಡಿದಾದ ಬಯಲು ಇಳಿಜಾರನ್ನು ದಾಟಬೇಡಿ. ಹಿಮಕುಸಿತಗಳು ಹೆಚ್ಚಾಗಿ 30ರಿಂದ 45 ಡಿಗ್ರಿಯ ಇಳಿಜಾರುಗಳಲ್ಲೇ ಆಗುತ್ತವೆ.

2024ರ ಜೂನ್‌ನಲ್ಲಿ ಉತ್ತರಾಖಂಡದ ಸಹಸ್ರ ತಾಲ್ ಚಾರಣಕ್ಕೆ ಹೋದ ನಮ್ಮ ರಾಜ್ಯದ ಒಂಬತ್ತು ಮಂದಿ ಹಿಮಗಾಳಿಗೆ ಸಿಲುಕಿ ತೀರಿಕೊಂಡರು. ಅದು ಚಳಿಗಾಲವೂ ಅಲ್ಲ. ಶಿಖರದ ದಿನ ನಸುಕಿಗೆ ಮುಂಚೆ, ಹಿಮ ಗಟ್ಟಿಯಾಗಿರುವಾಗಲೇ ಹೊರಡಿ, ಎಷ್ಟು ಗಂಟೆಗೆ ಹಿಂದಿರುಗಬೇಕೆಂಬುದನ್ನು ಹಿಂದಿನ ರಾತ್ರಿಯೇ ನಾಲ್ವರೂ ಒಪ್ಪಿಕೊಳ್ಳಿ. ತುದಿ ಕಣ್ಣೆದುರಿಗೇ ಇರುವಾಗ ಆ ಮಾತು ಎತ್ತಿದರೆ ಯಾರೂ ಕೇಳುವುದಿಲ್ಲ.

ಕುಂದವಾಡ ನಡಿಗೆ (ದಾವಣಗೆರೆ):
ಎಲ್ಲರಿಗೂ ಧನ್ಯವಾದಗಳು. ಇದನ್ನೆಲ್ಲ ಓದಿಸಿದ ಮೇಲೆ ಗೆಳೆಯ ಐಸ್ ಆಕ್ಸ್ ಆಸೆ ಬಿಟ್ಟು ಗೈಡಿಗೆ ಒಪ್ಪಿದ್ದಾನೆ, ಸಾಂಕ್ರಿಯಲ್ಲಿ ಒಂದು ದಿನ ಹೆಚ್ಚು ಇಟ್ಟುಕೊಂಡಿದ್ದೇವೆ. ಬೂಟುಗಳನ್ನು ಅಲ್ಲೇ ಬಾಡಿಗೆಗೆ ಪಡೆಯಬಹುದೇ?

ಕೋಟೆ ಸುತ್ತಿನವ (ಚಿತ್ರದುರ್ಗ):
ಸಿಗುತ್ತವೆ, ಆದರೆ ಬೇಡ. ದಪ್ಪ ಕಾಲುಚೀಲ ಹಾಕಿಕೊಂಡೇ ಅಳತೆ ನೋಡಿ ಈಗಲೇ ಕೊಂಡು, ನಾಲ್ಕು ಸಲವಾದರೂ ಜೋಗಿಮಟ್ಟಿ ಹತ್ತಿಳಿಯಿರಿ. ಬೊಬ್ಬೆ ಏಳುವುದಿದ್ದರೆ ಇಲ್ಲೇ ಏಳಲಿ.