‘ಪ್ರಚೋದನೆ’ ಎಂದರೆ ಕೆರಳಿಸುವುದೋ, ಎತ್ತಿಕಟ್ಟುವುದೋ?

ಬಳಗದ ಹಿರಿಯರಿಗೂ ಗೆಳೆಯರಿಗೂ ಶಿರಸಿಯಿಂದ ನಮಸ್ಕಾರ.

ವಾಕ್ ಸ್ವಾತಂತ್ರ್ಯವನ್ನೂ ಧಾರ್ಮಿಕ ಅಸಹಿಷ್ಣುತೆಯ ತಡೆಯನ್ನೂ ಒಟ್ಟಿಗೆ ಸಾಧಿಸಲು ನಡೆದಿರುವ ಅಂತರರಾಷ್ಟ್ರೀಯ ಪ್ರಯತ್ನಗಳ ಕುರಿತು, ಇಲ್ಲಿನ ಕಾಲೇಜು ವಿದ್ಯಾರ್ಥಿಗಳ ಚರ್ಚಾಸ್ಪರ್ಧೆಗಾಗಿ ಕನ್ನಡದಲ್ಲಿ ಒಂದು ಟಿಪ್ಪಣಿ ಸಿದ್ಧಪಡಿಸುತ್ತಿದ್ದೇನೆ. ಈ ವಿಷಯದ ಕೀಲಿಪದವಾದ ‘ಇನ್‌ಸೈಟ್‌ಮೆಂಟ್’ (incitement, ಜನರನ್ನು ಹಿಂಸೆಯಂಥ ಕೃತ್ಯಕ್ಕೆ ಹೊರಡಿಸುವುದು) ಎಂಬುದನ್ನು ಕನ್ನಡದಲ್ಲಿ ಏನೆನ್ನಬೇಕು ಎಂಬುದು ನನ್ನ ಪ್ರಶ್ನೆ. ರೂಢಿಯಲ್ಲಿರುವ ಪದ ‘ಪ್ರಚೋದನೆ’. ಅದು ಈ ಚರ್ಚೆಗೆ ಸಾಲುವುದಿಲ್ಲ, ಸಾಲದಿರುವುದಷ್ಟೇ ಅಲ್ಲ, ಚರ್ಚೆಯನ್ನೇ ದಾರಿ ತಪ್ಪಿಸುತ್ತದೆ ಎಂದು ನನಗೆ ಅನ್ನಿಸುತ್ತಿದೆ.

ಅಭ್ಯಾಸದ ಚರ್ಚೆಯೊಂದರಲ್ಲಿ ಒಬ್ಬ ವಿದ್ಯಾರ್ಥಿನಿ ‘ಪ್ರಚೋದನೆಯನ್ನು ಯಾವ ಸರ್ಕಾರವೂ ಸಹಿಸಬಾರದು’ ಎಂದು ವಾದಿಸಿದಳು. ಒಂದು ಕೇರಿಯ ಜನರ ಮೇಲೆ ಇನ್ನೊಂದು ಕೇರಿಯವರನ್ನು ಛೂ ಬಿಡುವ ಭಾಷಣ ಅವಳ ಮನಸ್ಸಿನಲ್ಲಿತ್ತು. ಅವಳಿಗೆ ಎದುರಾಡಿದ ಹುಡುಗ ‘ಹಾಗಾದರೆ ಸಿಟ್ಟು ಬರಿಸುವ ಒಂದು ಚಿತ್ರವನ್ನೂ ಬರೆಯುವಂತಿಲ್ಲವೇ?’ ಎಂದು ಕೇಳಿದ. ಇಬ್ಬರೂ ಒಂದೇ ಪದವನ್ನು ಹಿಡಿದು ಎರಡು ಬೇರೆ ಸಂಗತಿಗಳನ್ನು ಕುರಿತು ಅರ್ಧ ಗಂಟೆ ವಾದಿಸಿದರು. ಇಬ್ಬರ ಕನ್ನಡವೂ ಸರಿಯಾಗಿಯೇ ಇತ್ತು, ಏಕೆಂದರೆ ನಮ್ಮ ಪತ್ರಿಕೆಗಳಲ್ಲಿ ‘ಪ್ರಚೋದನೆ’ ಈ ಎರಡೂ ಅರ್ಥಗಳಲ್ಲಿ ಬರುತ್ತದೆ. ಸಾಲದ್ದಕ್ಕೆ ‘ಆತ್ಮಹತ್ಯೆಗೆ ಪ್ರಚೋದನೆ’ ಎಂಬಲ್ಲಿ ಮೂರನೆಯ ಅರ್ಥವೂ ಇದೆ. ಅಲ್ಲಿ ಹಳೆಯ ಕಾನೂನು ಕನ್ನಡದ ‘ದುಷ್ಪ್ರೇರಣೆ’ ಹೆಚ್ಚು ಖಚಿತವಾಗಿತ್ತು.

ಎರಡು ಪ್ರಕರಣಗಳನ್ನು ಅಕ್ಕಪಕ್ಕ ಇಟ್ಟರೆ ವ್ಯತ್ಯಾಸ ಸ್ಪಷ್ಟವಾಗುತ್ತದೆ. 2005ರ ಸೆಪ್ಟೆಂಬರ್ 30ರಂದು ಡೆನ್ಮಾರ್ಕಿನ ಯೂಲಂಡ್ಸ್ ಪೋಸ್ಟನ್ ಪತ್ರಿಕೆ ಪ್ರವಾದಿ ಮಹಮ್ಮದರನ್ನು ಕುರಿತ ವ್ಯಂಗ್ಯಚಿತ್ರಗಳನ್ನು ಪ್ರಕಟಿಸಿತು. ಅವುಗಳಿಂದ ನೊಂದು ಸಿಟ್ಟಾದವರು ಆ ಧರ್ಮದ ಅನುಯಾಯಿಗಳೇ. 1994ರಲ್ಲಿ ರುವಾಂಡಾದ ಮಿಲ್ ಕೊಲೀನ್ ಬಾನುಲಿಯು ಟುಟ್ಸಿ ಜನರನ್ನು ಜಿರಲೆಗಳೆಂದು ಕರೆಯುತ್ತ, ಅವರನ್ನು ಕೊಲ್ಲಿರೆಂದು ಹುಟು ಸಮುದಾಯದ ಕೇಳುಗರಿಗೆ ಕರೆಕೊಟ್ಟಿತು. 2003ರಲ್ಲಿ ಅಂತರರಾಷ್ಟ್ರೀಯ ನ್ಯಾಯಮಂಡಳಿಯು ಅದಕ್ಕೆ ಹೊಣೆಯಾದವರನ್ನು ಅಪರಾಧಿಗಳೆಂದು ಘೋಷಿಸಿತು. ಮೊದಲನೆಯದರಲ್ಲಿ ಮಾತಿಗೆ ಗುರಿಯಾದವರೇ ಕೆರಳುತ್ತಾರೆ. ಎರಡನೆಯದರಲ್ಲಿ ಆಡುವವರು, ಕೇಳಿ ಹೊರಡುವವರು, ಏಟು ತಿನ್ನುವವರು ಎಂದು ಮೂರು ಪಕ್ಷಗಳಿವೆ. ‘ಪ್ರಚೋದನೆ’ ಎಂದಷ್ಟೇ ಬರೆದರೆ ಈ ಮೂರನೆಯ ಪಕ್ಷ, ಅಂದರೆ ನಿಜಕ್ಕೂ ಅಪಾಯದಲ್ಲಿರುವ ಜನ, ವಾಕ್ಯದಿಂದಲೇ ಕಾಣೆಯಾಗುತ್ತಾರೆ.

1966ರ ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಅಂತರರಾಷ್ಟ್ರೀಯ ಒಡಂಬಡಿಕೆಯ 19ನೆಯ ವಿಧಿ ಅಭಿವ್ಯಕ್ತಿ ಸ್ವಾತಂತ್ರ್ಯವನ್ನು ಕೊಡುತ್ತದೆ. ತಾರತಮ್ಯಕ್ಕೆ, ಹಗೆತನಕ್ಕೆ ಅಥವಾ ಹಿಂಸೆಗೆ ‘ಇನ್‌ಸೈಟ್‌ಮೆಂಟ್’ ಆಗುವಂಥ ಜನಾಂಗೀಯ, ರಾಷ್ಟ್ರೀಯ, ಧಾರ್ಮಿಕ ದ್ವೇಷದ ಪ್ರತಿಪಾದನೆಯನ್ನು ಕಾನೂನಿನಿಂದ ನಿಷೇಧಿಸಬೇಕೆಂದು 20ನೆಯ ವಿಧಿ ಹೇಳುತ್ತದೆ. 1992ರಲ್ಲಿ ಒಡಂಬಡಿಕೆಯನ್ನು ಸ್ಥಿರೀಕರಿಸುವಾಗ ಅಮೆರಿಕವು ತನ್ನ ವಾಕ್ ಸ್ವಾತಂತ್ರ್ಯದ ರಕ್ಷಣೆಗಾಗಿ ಈ ವಿಧಿಗೆ ಮೀಸಲಾತಿ ಸೂಚಿಸಿತು (ಇಲ್ಲಿ ‘ಮೀಸಲಾತಿ’ ಎಂದರೆ ಬಾಧ್ಯತೆಗೆ ಒಳಪಡದಿರುವ ಘೋಷಣೆ, ಇದಕ್ಕೂ ನಮಗೆ ಬೇರೆ ಪದ ಬೇಕು). ಇನ್ನೊಂದು ಕಡೆ, 1999ರಿಂದ ಇಸ್ಲಾಮಿಕ್ ರಾಷ್ಟ್ರಗಳ ಸಂಘಟನೆಯು ‘ಧರ್ಮಗಳ ಮಾನಹಾನಿ’ಯ ವಿರುದ್ಧ ವಿಶ್ವಸಂಸ್ಥೆಯಲ್ಲಿ ನಿರ್ಣಯಗಳನ್ನು ತರುತ್ತ ಬಂತು. ಮಾನ ಇರುವುದು ಮನುಷ್ಯರಿಗೆ, ವಿಚಾರಗಳಿಗಲ್ಲ ಎಂದು ಹಲವು ದೇಶಗಳು ಆಕ್ಷೇಪಿಸಿದವು.

2011ರ ಮಾರ್ಚ್‌ನಲ್ಲಿ ಜಿನೀವಾದ ಮಾನವ ಹಕ್ಕುಗಳ ಮಂಡಳಿ ಒಮ್ಮತದಿಂದ ಅಂಗೀಕರಿಸಿದ 16/18ನೆಯ ನಿರ್ಣಯ ಈ ಜಗ್ಗಾಟಕ್ಕೆ ಒಂದು ದಾರಿ ತೋರಿಸಿತು. ಅದರಲ್ಲಿ ‘ಮಾನಹಾನಿ’ಯ ಮಾತಿಲ್ಲ, ಧರ್ಮ ಅಥವಾ ನಂಬಿಕೆಯ ಕಾರಣಕ್ಕೆ ವ್ಯಕ್ತಿಗಳ ಮೇಲೆ ನಡೆಯುವ ತಾರತಮ್ಯ, ಹಿಂಸೆ ಮತ್ತು ಹಿಂಸೆಯ ‘ಇನ್‌ಸೈಟ್‌ಮೆಂಟ್’ ಬಗ್ಗೆ ಮಾತಿದೆ. ಅಪರಾಧವೆಂದು ಪರಿಗಣಿಸಬೇಕೆಂದು ಅದು ಹೇಳುವುದು ಸನ್ನಿಹಿತ ಹಿಂಸೆಗೆ ಜನರನ್ನು ಹೊರಡಿಸುವ ಮಾತನ್ನು ಮಾತ್ರ. ಉಳಿದುದಕ್ಕೆ ಸಂವಾದ, ಶಿಕ್ಷಣ, ಮುಕ್ತ ಚರ್ಚೆಯೇ ಮದ್ದು ಎನ್ನುತ್ತದೆ. ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿಯ ಆಶ್ರಯದಲ್ಲಿ ತಜ್ಞರು ರೂಪಿಸಿದ 2012ರ ರಬಾತ್ ಕ್ರಿಯಾಯೋಜನೆಯು ಒಂದು ಮಾತು ಆ ಗೆರೆ ದಾಟಿದೆಯೇ ಎಂದು ನೋಡಲು ಸಂದರ್ಭ, ಆಡಿದವರ ಸ್ಥಾನ, ಉದ್ದೇಶ, ಹುರುಳು ಮತ್ತು ರೂಪ, ಹರಡಿದ ವ್ಯಾಪ್ತಿ, ಹಾನಿಯ ಸಂಭವ ಎಂಬ ಆರು ಅಳತೆಗಳನ್ನು ಕೊಟ್ಟಿತು. ಆದರೂ ಜಗಳ ಮುಗಿಯಲಿಲ್ಲ. ಸ್ವೀಡನ್ನಿನಲ್ಲಿ ಕುರಾನ್ ಸುಟ್ಟ ಘಟನೆಯ ಬಳಿಕ 2023ರ ಜುಲೈನಲ್ಲಿ ಅದೇ ಮಂಡಳಿ ಒಮ್ಮತ ಕಾಣದೆ, 28–12 ಮತಗಳಿಂದ ಧಾರ್ಮಿಕ ದ್ವೇಷವನ್ನು ಕುರಿತ ಹೊಸ ನಿರ್ಣಯವನ್ನು ಅಂಗೀಕರಿಸಬೇಕಾಯಿತು. ಏಳು ದೇಶಗಳು ತಟಸ್ಥವಾಗಿ ಉಳಿದವು.

ನಮ್ಮ ಕಾನೂನಿಗೂ ಈ ಭೇದ ಹೊಸದಲ್ಲ. 1927ರಲ್ಲಿ ದಂಡಸಂಹಿತೆಗೆ ಸೇರಿದ 295ಎ ಕಲಮು ಧಾರ್ಮಿಕ ಭಾವನೆಗಳನ್ನು ಕೆರಳಿಸುವ ದುರುದ್ದೇಶದ ಕೃತ್ಯವನ್ನು ಕುರಿತದ್ದು. 153ಎ ಕಲಮು ಗುಂಪುಗಳ ನಡುವೆ ವೈರ ಬೆಳೆಸುವುದನ್ನು ಕುರಿತದ್ದು. ಈಗಿನ ನ್ಯಾಯಸಂಹಿತೆಯಲ್ಲಿ ಇವು 299 ಮತ್ತು 196 ಆಗಿವೆ. 2015ರ ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಚರ್ಚೆ, ಪ್ರತಿಪಾದನೆ, ‘ಇನ್‌ಸೈಟ್‌ಮೆಂಟ್’ ಎಂಬ ಮೂರು ಹಂತಗಳನ್ನು ಬೇರ್ಪಡಿಸಿ, ಮೂರನೆಯ ಹಂತ ಮುಟ್ಟಿದಾಗಲೇ ನಿರ್ಬಂಧದ ಪ್ರಶ್ನೆ ಏಳುತ್ತದೆ ಎಂದಿತು.

ಹಾಗಾಗಿ ನನ್ನ ಸೂಚನೆ ಇದು. ಗುರಿಯಾದವರಿಗೇ ಸಿಟ್ಟು ಬರಿಸುವುದಕ್ಕೆ ‘ಕೆಣಕು’, ‘ಕೆರಳಿಸು’ ಇರಲಿ. ಇವುಗಳ ಹದ ನಮ್ಮ ಕಡೆಯವರಿಗೆ ತಾಳಮದ್ದಳೆಯಿಂದಲೇ ಗೊತ್ತು: ಕೌರವನ ಅರ್ಥಧಾರಿ ಕೃಷ್ಣನನ್ನು ಹೀಗಳೆದಷ್ಟೂ ಕೃಷ್ಣಭಕ್ತರೇ ತುಂಬಿದ ಸಭೆ ತಲೆದೂಗುತ್ತದೆ, ಎದುರು ಕುಳಿತ ಕೃಷ್ಣ ಮಾತಿನಲ್ಲೇ ಉತ್ತರ ಕೊಡುತ್ತಾನೆ. ರಬಾತಿನವರು ‘ಸಂದರ್ಭ’ವನ್ನು ಮೊದಲ ಅಳತೆಯಾಗಿ ಇಟ್ಟಿದ್ದು ಏಕೆಂದು ಆ ಸಭೆಯಲ್ಲಿ ಕುಳಿತವರಿಗೆ ವಿವರಿಸಬೇಕಾಗಿಲ್ಲ. ಒಬ್ಬರ ಮೇಲೆ ಇನ್ನೊಬ್ಬರನ್ನು ಹೊರಡಿಸುವುದಕ್ಕೆ ‘ಎತ್ತಿಕಟ್ಟು’ ಎಂಬ ಕ್ರಿಯಾಪದವನ್ನೇ ತೆಗೆದುಕೊಳ್ಳಬೇಕು. ಯಾರನ್ನು, ಯಾರ ಮೇಲೆ ಎಂದು ಹೇಳದೆ ಅದರ ವಾಕ್ಯ ಪೂರ್ಣವಾಗುವುದಿಲ್ಲ ಎಂಬುದೇ ಅದರ ದೊಡ್ಡ ಗುಣ. ‘ಕುಮ್ಮಕ್ಕು’ ಇಲ್ಲಿ ಹೊಂದದು, ಅದೆಂದರೆ ಬೆನ್ನಿಗೆ ನಿಲ್ಲುವುದು. ನಮ್ಮ ಜಿಲ್ಲೆಯ ಮಾತಿನಲ್ಲಿ ಇರುವ ‘ಚಿತಾವಣೆ’ ಅರ್ಥದಲ್ಲಿ ಹತ್ತಿರವಿದ್ದರೂ ಅದರಲ್ಲಿ ಮರೆಯಲ್ಲಿ ನಿಂತು ಮಾಡುವ ಛಾಯೆ ಇದೆ, ವೇದಿಕೆಯ ಮೇಲಿಂದ ಆಡಿದ ಮಾತಿಗೆ ಅದು ಒಗ್ಗುವುದಿಲ್ಲ.

ಪವಿತ್ರವಾದುದನ್ನು ಹೀಗಳೆಯುವುದೇ ಮುಂದೆ ಆ ಜನರ ಮೇಲೆ ಕೈಮಾಡಲು ನೆಲ ಹದಗೊಳಿಸುತ್ತದೆ, ಎರಡನ್ನೂ ಬಿಡಿಸುವುದು ಕೃತಕ ಎಂಬ ವಾದವಿದೆ, ಅದನ್ನು ಹಗುರವಾಗಿ ಕಾಣಲಾರೆ. ಆದರೆ ಅದು ವಾದಿಸಿ ಸ್ಥಾಪಿಸಬೇಕಾದ ಸಂಗತಿ. ಎರಡಕ್ಕೂ ಒಂದೇ ಪದ ಬಳಸಿದರೆ ವಾದ ಆರಂಭವಾಗುವ ಮುನ್ನವೇ ತೀರ್ಪು ಬಂದಂತಾಗುತ್ತದೆ.

ತಿಳಿದವರು ದಯವಿಟ್ಟು ಹೇಳಬೇಕು: ‘ಎತ್ತಿಕಟ್ಟುವಿಕೆ’ ಎಂಬ ನಾಮಪದ ಕಾನೂನಿನ ಬರಹದಲ್ಲಿ ನಿಲ್ಲಬಲ್ಲದೇ, ಅಥವಾ ‘ಹಿಂಸೆಗೆ ಎತ್ತಿಕಟ್ಟುವ ಮಾತು’ ಎಂದು ಬಿಡಿಸಿಯೇ ಬರೆಯಬೇಕೇ? ಮೈಸೂರು, ಕಲಬುರಗಿ ಕಡೆಯ ಆಡುಮಾತಿನಲ್ಲಿ ಇದೇ ಅರ್ಥಕ್ಕೆ ಬೇರೆ ಪದವಿದ್ದರೆ ಅದನ್ನೂ ಬಳಕೆಯ ವಾಕ್ಯದೊಂದಿಗೆ ತಿಳಿಸಿದರೆ ಟಿಪ್ಪಣಿಯಲ್ಲಿ ಸೇರಿಸುತ್ತೇನೆ.