ಅಪ್‌ಡೇಟ್: ಲೀಡ್ಸ್ ಮನೆಯ ಗೋಡೆಯ ಬೂಷ್ಟು ನಿಂತಿತು

ಇಂಗ್ಲೆಂಡಿನ ಲೀಡ್ಸ್‌ನ ಬ್ಯಾಕ್-ಟು-ಬ್ಯಾಕ್ (ಹಿಂಗೋಡೆ ಹಿಂದಿನ ಮನೆಗೆ ಅಂಟಿಕೊಂಡಿರುವ) ಬಾಡಿಗೆ ಮನೆಯಲ್ಲಿ ವಾರ್ಡ್‌ರೋಬ್ ಹಿಂದಿನ ಗೋಡೆಗೆ ಕಪ್ಪು ಬೂಷ್ಟು ಬರುತ್ತಿದೆ, ಏನು ಮಾಡಲಿ ಅಂತ ಕೇಳಿದ್ದೆನಲ್ಲ, ಮೂರು ವಾರದ ನಂತರದ ವರದಿ ಇದು.

ಬ್ಲೀಚ್ ಕೆಲಸ ಮಾಡಲಿಲ್ಲ. ಕಲೆ ಬೆಳ್ಳಗಾಯಿತು, ಹತ್ತೇ ದಿನಕ್ಕೆ ಮತ್ತೆ ಬಂತು. ತೇವ ಹೀರುವ ಹರಳಿನ ಡಬ್ಬಿಯೂ ದಂಡ. ವಾರಕ್ಕೆ ಅರ್ಧ ಲೋಟ ನೀರು ಹಿಡಿದರೆ ಯಾವ ಮೂಲೆಗೆ ಸಾಲುತ್ತೆ? ಒಂದು ಸಲ ಒಗೆದ ಬಟ್ಟೆ ಒಳಗೆ ಒಣಹಾಕಿದರೇ ಸುಮಾರು ಎರಡು ಲೀಟರ್ ಗಾಳಿಗೆ ಸೇರುತ್ತೆ.

ಗೆದ್ದದ್ದು ಡಿಹ್ಯುಮಿಡಿಫೈಯರ್ (ಗಾಳಿಯ ತೇವ ತೆಗೆಯುವ ಯಂತ್ರ) ಸಲಹೆ. ದಿನಕ್ಕೆ 12 ಲೀಟರ್ ಸಾಮರ್ಥ್ಯದ್ದು ತಂದು, ಬಟ್ಟೆ ಸ್ಟ್ಯಾಂಡ್ ಜೊತೆ ಚಿಕ್ಕ ಕೋಣೆಯಲ್ಲಿಟ್ಟು ಬಾಗಿಲು ಹಾಕಿದೆ. ತೇವಾಂಶ ಶೇ. 78ರಿಂದ 55ಕ್ಕೆ ಇಳಿಯಿತು. ವಾರ್ಡ್‌ರೋಬನ್ನು ಗೋಡೆಯಿಂದ ನಾಲ್ಕು ಬೆರಳು ಮುಂದಕ್ಕೆಳೆದದ್ದೂ ಅಷ್ಟೇ ಮುಖ್ಯ. ಈ ಮನೆಗಳದು ಒಳಗೆ ಟೊಳ್ಳಿಲ್ಲದ ಇಟ್ಟಿಗೆ ಗೋಡೆ, ಹೊರಗಿನ ಚಳಿ ನೇರ ಒಳಕ್ಕೆ. ಹೀಟಿಂಗ್ ಇಲ್ಲದ ಕೋಣೆಯಾದರೆ ಫ್ರಿಜ್‌ನಂತೆ ಗಾಳಿ ತಣಿಸಿ ನೀರು ತೆಗೆಯುವ ಕಂಪ್ರೆಸರ್ ಮಾದರಿಯ ಡಿಹ್ಯುಮಿಡಿಫೈಯರ್ ಬೇಡ, ತೇವ ಹೀರುವ ವಸ್ತು ಬಳಸುವ ಡೆಸಿಕೆಂಟ್ ಮಾದರಿ ತನ್ನಿ.

ನಂಬದೇ ಇದ್ದದ್ದು ಒಂದಿತ್ತು: ಹೊರಗೆ ಜಿಟಿಜಿಟಿ ಮಳೆಯಿದ್ದರೂ ಕಿಟಕಿ ತೆರೆಯಿರಿ ಅನ್ನೋ ಸಲಹೆ. ಅದು ನಿಜ! 5 ಡಿಗ್ರಿಯ, ಶೇ. 90 ತೇವದ ಗಾಳಿ ಒಳಗೆ ಬಂದು 20 ಡಿಗ್ರಿಗೆ ಬೆಚ್ಚಗಾದರೆ ತೇವಾಂಶ ಶೇ. 35ರಷ್ಟೇ. ನಮ್ಮೂರ ಮಳೆಗಾಲದ ಬುದ್ಧಿ ಇಲ್ಲಿ ನಡೆಯಲ್ಲ. ಬ್ಯಾಕ್-ಟು-ಬ್ಯಾಕ್‌ಗೆ ಹಿಂದುಗಡೆ ಕಿಟಕಿಯೇ ಇಲ್ಲದ್ದರಿಂದ ಮೇಲಿನ ಮಹಡಿಯದ್ದೊಂದು, ಕೆಳಗಿನದ್ದೊಂದು ಒಟ್ಟಿಗೆ ಹತ್ತು ನಿಮಿಷ ತೆರೆದಿಡಿ. ಕುಕ್ಕರ್ ಕೂಗುವಾಗ ಅಡುಗೆಮನೆ ಬಾಗಿಲು ಮಾತ್ರ ಮುಚ್ಚಿರಲಿ.