ಅಂಬಾಸಿಡರ್ ಅಡ್ಡಡ್ಡ ಹೋಗಬೇಕಂತೆ

ಕಾರು ಮುಂದೆ ಹೋಗುತ್ತದೆ, ಹಿಂದೆ ಹೋಗುತ್ತದೆ. ನಮ್ಮ ಭಾವನಿಗೆ ಈಗ ಅದು ಅಡ್ಡಕ್ಕೆ ಹೋಗಬೇಕು.

ವಿಷಯ ಇಷ್ಟು. ಶಿರಸಿಯಿಂದ ಸೋಂದಾ ಕಡೆ ಸ್ವಲ್ಪ ಒಳಗೆ ಅವನ ಮನೆ. ದನ ಸಾಕೋದು ನಿಂತ ಮೇಲೆ ಹಳೇ ಕೊಟ್ಟಿಗೆಯೇ ಕಾರು ಶೆಡ್ಡು. ಅದರ ನಟ್ಟನಡುವೆ ಅವರ ಅಪ್ಪನ ಕಾಲದ ಬಿಳಿ ಅಂಬಾಸಿಡರ್ ಕೂತಿದೆ. ಎಂಜಿನ್ ಬಿಚ್ಚಿ ರಿಪೇರಿಗೆ ಕೊಟ್ಟಿದ್ದಾನೆ. ಯಾವಾಗ ವಾಪಸ್ ಬರುತ್ತೆ ಅಂತ ಯಾರಾದರೂ ಕೇಳಿದರೆ ತಕ್ಷಣ ಒಂದು ಎಲೆ-ಅಡಿಕೆ ಕವಳ ಹಾಕಿಕೊಳ್ಳುತ್ತಾನೆ, ಬಾಯಿ ತುಂಬಿದವನ ಹತ್ತಿರ ಯಾರು ಉತ್ತರ ಕೇಳುತ್ತಾರೆ! ಮಳೆ ಹಿಡಿಯೋದರೊಳಗೆ ದಿನಾ ಓಡಿಸುವ ಕಾರೂ ಒಳಗೆ ಬರಬೇಕು. ಅಂದರೆ ಅಂಬಾಸಿಡರ್ ಎಡಗೋಡೆಗೆ ಒತ್ತಿ ನಿಲ್ಲಬೇಕು. ಒಂದು ಮೀಟರ್ ಸರಿದರೆ ಸಾಕು. ಆ ಒಂದು ಮೀಟರಿಗೆ ಒಂದು ಸಂಜೆ ಪೂರ್ತಿ ಹೋಯಿತು.

ಭಾವ ಫೋನ್ ಹಿಡಿದುಕೊಂಡೇ ಶುರು ಮಾಡಿದ. "ವೀಲ್ ಡಾಲಿ ಅಂತ ಬರುತ್ತೆ. ಒಂದೊಂದು ಚಕ್ರದ ಕೆಳಗೆ ಒಂದೊಂದು. ಪ್ರತಿ ಡಾಲಿಗೆ ನಾಲ್ಕು ತಿರುಗುವ ಗಾಲಿ. ನಾಲ್ಕು ಡಾಲಿ ಇಟ್ಟು ಒಂದು ಬೆರಳಲ್ಲಿ ತಳ್ಳಿದರೆ ಕಾರು ಯಾವ ಕಡೆ ಬೇಕಾದರೂ ಹೋಗುತ್ತೆ, ವಿಡಿಯೋದಲ್ಲಿ ಒಬ್ಬಳು ಹೆಂಗಸು ಒಂದೇ ಕೈಯಲ್ಲಿ ತಳ್ತಾಳೆ."

"ಆ ವಿಡಿಯೋದಲ್ಲಿ ನೆಲ ಹೇಗಿತ್ತು?" ಕೇಳಿದವರು ಮಾಸ್ತರು. ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು, ಚಾ ಕೊಟ್ಟರೂ ಲೋಟದ ಅಳತೆ ನೋಡುವವರು.

"ನೆಲ ಯಾರು ನೋಡ್ತಾರೆ ಮಾಸ್ತರೇ."

"ಅದನ್ನೇ ನೋಡಬೇಕು ಮಾರಾಯ."

ನಾಲ್ಕನೆಯವ ನನ್ನ ಕಾರವಾರದ ಗೆಳೆಯ. ಬೈತಖೋಲದ ಬಂದರಿನಲ್ಲಿ ಬೋಟುಗಳ ಎಂಜಿನ್ ಕೆಲಸ ಮಾಡುತ್ತಾನೆ, ಹಾಗಾಗಿ ನಮಗೆ ಅವನು ಬೋಟಿನವ. ಅವನು ಭಾವನ ಫೋನ್ ಕಿತ್ತುಕೊಂಡು ಚಿತ್ರ ನೋಡಿದ. "ಇದರಲ್ಲಿ ಎರಡು ಜಾತಿ ಉಂಟು. ಒಂದು ಬರೀ ತಗಡಿನ ತಟ್ಟೆ, ನಡುವೆ ಸ್ವಲ್ಪ ತಗ್ಗು, ಟೈರು ಅದರಲ್ಲಿ ಕೂರುತ್ತೆ. ಅದಕ್ಕೆ ನೀನೇ ಜಾಕ್ ಹಾಕಿ ಕಾರು ಎತ್ತಬೇಕು. ಇನ್ನೊಂದಕ್ಕೆ ಜಾಕ್ ಬೇಡ. ಟೈರಿನ ಆಚೆ ಈಚೆ ಎರಡು ಉರುಳೆ, ಕಾಲಲ್ಲಿ ಪೆಡಲ್ ತುಳಿದರೆ ಅವು ಹತ್ತಿರ ಬಂದು ಟೈರನ್ನು ಮೇಲಕ್ಕೆ ಒತ್ತುತ್ತವೆ. ನೆಲದಿಂದ ಸ್ವಲ್ಪ ಎದ್ದರೆ ಸಾಕು, ತಳ್ಳಬಹುದು."

"ಎರಡನೇದೇ ಬೇಕು" ಅಂದ ಭಾವ. ಅವನಿಗೆ ಯಾವಾಗಲೂ ಎರಡನೇದೇ ಬೇಕು, ರೇಟು ಕೇಳುವವರೆಗೆ. ಕೇಳಿದ ಮೇಲೆ ತಟ್ಟೆಯ ಡಾಲಿಯಲ್ಲಿ ಏನೇನು ಒಳ್ಳೆ ಗುಣ ಇದೆ ಅಂತ ಅವನೇ ನಮಗೆ ವಿವರಿಸತೊಡಗಿದ.

ಬೋಟಿನವನೂ ಅದಕ್ಕೆ ಒಪ್ಪಿದ, ಕಾರಣ ಮಾತ್ರ ಬೇರೆ. "ನಿನ್ನ ಅಂಬಾಸಿಡರ್ ಟೈರಲ್ಲಿ ಗಾಳಿ ಉಂಟಾ?"

ಭಾವ ಕವಳದ ಬಟ್ಟಲ ಕಡೆ ಕೈ ಚಾಚಿದ.

"ಇಲ್ಲ ಅಲ್ವಾ? ಪೆಡಲ್ ಡಾಲಿಗೆ ಗಾಳಿ ಇರೋ ಟೈರು ಬೇಕು. ಟೈರು ಚಪ್ಪಟೆ ಆಗಿದ್ದರೆ ಉರುಳೆ ಒತ್ತಿದಷ್ಟೂ ಮೆತ್ತಗೆ ಒಳಗೆ ಹೋಗುತ್ತೆ, ಕಾರು ಏಳೋದಿಲ್ಲ. ತಟ್ಟೆಗೆ ಆ ತಕರಾರಿಲ್ಲ. ಆಮೇಲೆ ಟೈರಿನ ಅಗಲ. ಎಷ್ಟು ಅಗಲದ ಟೈರು ಹಿಡಿಯುತ್ತೆ ಅಂತ ಬರೆದಿರ್ತಾರೆ, ಅದನ್ನು ಓದಬೇಕು. ಅಂಬಾಸಿಡರಿಗೆ 5.90-15, ಸುಮಾರು ಆರು ಇಂಚು, ಅದಕ್ಕೇನೂ ತೊಂದರೆ ಇಲ್ಲ. ಈಗಿನ ದೊಡ್ಡ ಗಾಡಿಗಳ ಅಗಲ ಟೈರಿಗೆ ಮಾತ್ರ ಕೆಲವು ಡಾಲಿ ಸಾಲೋದಿಲ್ಲ."

ಈಗ ಮಾಸ್ತರ ಲೆಕ್ಕ. ಅಡಿಕೆ ಚೀಲದ ಮೇಲೆ ಚಾಕ್‌ನಲ್ಲಿ ಬರೆದರು. "ಡಬ್ಬದ ಮೇಲೆ 6000 ಪೌಂಡ್ ಅಂತ ಇರುತ್ತೆ. ಅದು ನಾಲ್ಕಕ್ಕೂ ಸೇರಿ. ಒಂದಕ್ಕೆ 1500, ಅಂದರೆ ಸುಮಾರು 680 ಕಿಲೋ. ನಿನ್ನ ಕಾರು ಸುಮಾರು 1100 ಕಿಲೋ. ನಾಲ್ಕರಿಂದ ಭಾಗಿಸಿದರೆ 275."

"ಎಂಜಿನ್ ಇಲ್ಲವಲ್ಲ ಮಾಸ್ತರೇ, ಇನ್ನೂ ಹಗುರ."

"ಎಂಜಿನ್ ವಾಪಸ್ ಬರುತ್ತೆ ಅಂತ ನೀನೇ ಹೇಳಿದ್ದು. ಅದನ್ನು ನಂಬಿ ಲೆಕ್ಕ ಹಾಕಿದ್ದೇನೆ."

ಭಾವನಿಗೆ ಮಾತು ಹೊರಡಲಿಲ್ಲ. ಮಾಸ್ತರು ಮುಂದುವರಿಸಿದರು. 275 ಬರೋದು ನೆಲ ಪೂರ್ತಿ ಸಮ ಇದ್ದು, ಭಾರವೂ ಸಮನಾಗಿ ಹಂಚಿ ಹೋದರೆ. ಎಂಜಿನ್ ಇರುವ ಕಡೆ ಜಾಸ್ತಿ ಬೀಳುತ್ತೆ. ನೆಲ ಏರುತಗ್ಗು ಇದ್ದರೆ ಒಂದು ಡಾಲಿ ಗಾಳಿಯಲ್ಲಿ ನಿಂತು ಅದರ ಪಾಲನ್ನು ಉಳಿದವು ಹೊರಬೇಕು. ಅದಕ್ಕೇ ಬೇಕಾದ್ದಕ್ಕಿಂತ ದುಪ್ಪಟ್ಟು ತಾಕತ್ತಿನದ್ದು ತಗೊಳ್ಳೋದು, ಅದು ದುಂದುಗಾರಿಕೆ ಅಲ್ಲ ಅಂದರು.

ನನ್ನ ಪ್ರಕಾರ ತೂಕದ ವಿಚಾರ ಅಲ್ಲಿಗೆ ಮುಗೀತು. ಜನ ಅದರ ಬಗ್ಗೆಯೇ ಜಾಸ್ತಿ ತಲೆ ಕೆಡಿಸಿಕೊಳ್ತಾರೆ, ಆದರೆ ತಗಡು ಬಗ್ಗಿ ಡಾಲಿ ಸೋಲೋದಕ್ಕಿಂತ ಗಾಲಿ ಸಿಕ್ಕಿಕೊಂಡು ಸೋಲೋದೇ ಹೆಚ್ಚು. ಬಾಯಲ್ಲಿ ಹೇಳಿದರೆ ಭಾವ ಕೇಳುವವನಲ್ಲ, ಹಾಗಾಗಿ ಬ್ಯಾಟರಿ ಹಿಡಿದು ಎಲ್ಲರೂ ಕೊಟ್ಟಿಗೆಗೆ ಹೋದೆವು.

ಕೊಟ್ಟಿಗೆಯ ನೆಲ ನೋಡಿದ್ದೀರಲ್ಲ. ದನ ಜಾರಬಾರದು ಅಂತ ಸಿಮೆಂಟು ಹಸಿ ಇರುವಾಗಲೇ ಗೆರೆ ಕೊರೆದಿರುತ್ತಾರೆ. ಗಂಜಲ ನಿಲ್ಲಬಾರದು ಅಂತ ಗಟಾರದ ಕಡೆ ಇಳಿಜಾರು ಕೊಟ್ಟಿರುತ್ತಾರೆ. ಇವೆರಡೂ ದನಕ್ಕೆ ಒಳ್ಳೇದು, ಡಾಲಿಗೆ ಕೆಟ್ಟದ್ದು. ಭಾವನ ಅಜ್ಜ ಇಷ್ಟು ಮುತುವರ್ಜಿಯಿಂದ ಕಟ್ಟಿಸದೇ ಇದ್ದಿದ್ದರೆ ನಮ್ಮ ಕೆಲಸ ಸಲೀಸಾಗುತ್ತಿತ್ತು.

ಮಾಸ್ತರು ಜೇಬಿಂದ ಒಂದು ಗೋಟಡಿಕೆ ತೆಗೆದು ನೆಲದ ಮೇಲಿಟ್ಟರು. ಅದು ಒಂದು ಗಳಿಗೆ ಯೋಚಿಸಿ, ನಿಧಾನಕ್ಕೆ ಎಡಗೋಡೆಯ ಗಟಾರದ ಕಡೆ ಹೊರಟಿತು.

"ಒಳ್ಳೇದೇ ಆಯ್ತಲ್ಲ!" ಭಾವನಿಗೆ ಖುಷಿ. "ನಮಗೂ ಎಡಗೋಡೆಗೇ ಹೋಗಬೇಕು. ತಾನಾಗಿಯೇ ಹೋಗುತ್ತೆ."

"ಹೋಗುತ್ತೆ. ಗೋಡೆ ತಾಗಿದ ಮೇಲೆ ನಿಲ್ಲುತ್ತೆ" ಅಂದ ಬೋಟಿನವ.

ಮಾಸ್ತರು ದಾರ, ಟೇಪು ಹಿಡಿದು ಅಳೆದರು. ಎರಡು ಮೀಟರಿಗೆ ನಾಲ್ಕು ಸೆಂಟಿಮೀಟರ್ ಇಳಿಜಾರು. ಐವತ್ತಕ್ಕೆ ಒಂದು. 1100 ಕಿಲೋ ಕಾರನ್ನು ಡಾಲಿ ಮೇಲೆ ಇಟ್ಟರೆ ಗಟಾರದ ಕಡೆಗೆ ಸದಾ 22 ಕಿಲೋದಷ್ಟು ಎಳೆತ. ಒಳ್ಳೆ ಬೇರಿಂಗ್ ಇರುವ ಗಾಲಿಯಾದರೆ ಹೊರಡಲು ಅಷ್ಟೇ ಸಾಕಾದೀತು.

"ಹ್ಯಾಂಡ್‌ಬ್ರೇಕ್ ಹಾಕಿದರಾಯ್ತು."

ಈ ಮಾತಿಗೆ ಬೋಟಿನವ ಎಷ್ಟು ನಕ್ಕ ಅಂದರೆ ಅಕ್ಕ ಅಡುಗೆಮನೆಯಿಂದ ಹೊರಗೆ ಬಂದಳು. ಹ್ಯಾಂಡ್‌ಬ್ರೇಕ್ ಹಿಡಿಯೋದು ಕಾರಿನ ಹಿಂದಿನ ಚಕ್ರವನ್ನು. ಆ ಚಕ್ರ ಡಾಲಿ ಹತ್ತಿ ಕೂತ ಮೇಲೆ ಅದನ್ನು ಹಿಡಿದರೇನು ಬಿಟ್ಟರೇನು, ಉರುಳೋದು ಕೆಳಗಿನ ಗಾಲಿ. ಡಾಲಿಗಳಿಗೂ ಕೆಲವಕ್ಕೆ ಬ್ರೇಕ್ ಇರುತ್ತೆ. ಅದು ಸಮ ನೆಲದಲ್ಲಿ ಕಾರು ಅಲ್ಲಾಡದ ಹಾಗೆ ನೋಡಿಕೊಳ್ಳೋಕೆ, ಇಳಿಜಾರಿನಲ್ಲಿ ಅದನ್ನು ನಂಬಿ ಗೋಡೆ ಮತ್ತು ಕಾರಿನ ನಡುವೆ ನಿಲ್ಲಬಾರದು. ನಾಲ್ಕೂ ಚಕ್ರಕ್ಕೆ ಡಾಲಿ ಇಟ್ಟ ಕಾರು ಅಂದರೆ ಮಾರಿಜಾತ್ರೆಯ ರಥ ಇದ್ದ ಹಾಗೆ, ಎಳೆಯುವವರಿಗಿಂತ ಚಕ್ರ ತಡೆಯುವ ಮರದ ಅಡೆ ಹಿಡಿದು ಪಕ್ಕದಲ್ಲಿ ನಡೆಯುವವನು ಮುಖ್ಯ.

ಅಷ್ಟರಲ್ಲಿ ಭಾವ ಆ ಗೋಟಡಿಕೆ ಎತ್ತಿಕೊಂಡು, "ಇದರ ಮೇಲೆ ಗಾಲಿ ಹತ್ತಿದರೆ?" ಅಂದ. ಇಡೀ ಸಂಜೆಯಲ್ಲಿ ಅವನು ಕೇಳಿದ ಒಳ್ಳೆ ಪ್ರಶ್ನೆ ಅದು. ಮೂರಿಂಚಿನ ಗಾಲಿ ಹತ್ತೋದಿಲ್ಲ, ಸುಮ್ನೆ ನಿಂತುಬಿಡುತ್ತೆ. ಒಂದು ಟನ್ನಿನ ಅಂಬಾಸಿಡರನ್ನು ಒಂದು ಅಡಿಕೆ ತಡೆಯುತ್ತೆ. ನಾಲ್ಕಿಂಚಿನದ್ದು ಸ್ವಲ್ಪ ಮೇಲು, ಕೊರೆದ ಗೆರೆಯನ್ನಾದರೂ ದಾಟುತ್ತೆ. ಆದರೆ ಗಾಲಿ ದೊಡ್ಡದಾದಷ್ಟೂ ಕಾರನ್ನು ಜಾಸ್ತಿ ಎತ್ತಬೇಕು, ಅದಕ್ಕೇ ತಟ್ಟೆಯನ್ನು ಗಾಲಿಗಳ ನಡುವೆ ಕೆಳಗೆ ಇಳಿಬಿಟ್ಟಿರೋ ಡಾಲಿ ನೋಡಬೇಕು.

ಗಾಲಿ ಯಾವುದರದ್ದು ಅನ್ನೋದರ ಬಗ್ಗೆ ಬೋಟಿನವನಿಗೂ ಮಾಸ್ತರಿಗೂ ಜಗಳವೇ ಆಯಿತು. ಮಾಸ್ತರಿಗೆ ಕಬ್ಬಿಣದ್ದು ಬೇಕು, ಗಟ್ಟಿ, ಸಲೀಸಾಗಿ ಉರುಳುತ್ತೆ ಅಂತ. "ಉರುಳುತ್ತೆ, ನುಣುಪು ಸಿಮೆಂಟಿನ ಮೇಲೆ" ಅಂದ ಬೋಟಿನವ. "ಟೈಲ್ಸ್ ಇದ್ದರೆ ಒಡೆಯುತ್ತೆ, ಸಣ್ಣ ಕಲ್ಲು ಸಿಕ್ಕರೆ ನಿಲ್ಲುತ್ತೆ. ನಮ್ಮ ಕಾರವಾರಕ್ಕೆ ತಂದರಂತೂ ಉಪ್ಪುಗಾಳಿಗೆ ಒಂದೇ ಮಳೆಗಾಲದಲ್ಲಿ ಬೇರಿಂಗ್ ಹಿಡಿದು ತಿರುಗೋದೇ ಇಲ್ಲ. ರಬ್ಬರೂ ಬೇಡ. ತಿಂಗಳುಗಟ್ಟಲೆ ಭಾರ ಹೊತ್ತು ಕೂತರೆ ಒಂದು ಕಡೆ ಚಪ್ಪಟೆ ಆಗುತ್ತೆ. ಪಾಲಿಯುರೆಥೇನ್ ಅಂತ ಒಂದು ಗಟ್ಟಿ ಪ್ಲಾಸ್ಟಿಕ್ ಬರುತ್ತೆ, ಅದನ್ನು ಹಾಕು." ಆ ಹೆಸರನ್ನು ಭಾವ ಪಾಲಿ ಅಂತ ಬರೆದುಕೊಂಡ.

ನಾನು ಬಾಯಿ ಹಾಕಿದ್ದು ಇಲ್ಲಿ. ಒಂದು ಮೀಟರ್ ಸರಿಸೋಕೆ ನಾಲ್ಕು ಡಾಲಿ ಯಾಕೆ? ಎರಡೇ ಸಾಕು. ಮೊದಲು ಮುಂದಿನ ಎರಡು ಚಕ್ರಕ್ಕೆ ಇಡೋದು, ಹಿಂದಿನವು ನೆಲದಲ್ಲೇ ಇರಲಿ. ಮೂತಿಯನ್ನು ಗೋಡೆ ಕಡೆ ತಿರುಗಿಸೋದು. ಆಮೇಲೆ ಅದೇ ಡಾಲಿ ತೆಗೆದು ಹಿಂದೆ ಇಡೋದು, ಬಾಲವನ್ನು ತಿರುಗಿಸೋದು. ಕಾರು ನೇರ ಆಯ್ತು, ಗೋಡೆ ಹತ್ತಿರವೂ ಆಯ್ತು. ಅರ್ಧ ದುಡ್ಡು. ಮೇಲಾಗಿ ಯಾವಾಗಲೂ ಎರಡು ಟೈರು ನೆಲ ಕಚ್ಚಿರೋದರಿಂದ ಇಡೀ ಕಾರು ಒಟ್ಟಿಗೆ ಗಟಾರಕ್ಕೆ ಓಡೋದಿಲ್ಲ. ಉದ್ದ 4.3 ಮೀಟರ್ ಇರೋದರಿಂದ ಓರೆ ನಿಂತಾಗ ಮೂಲೆ ತಾಗದಷ್ಟು ಜಾಗ ಉಂಟಾ ಅಂತ ಮಾತ್ರ ನೋಡಿಕೊಳ್ಳಬೇಕು.

"ಮೂತಿ ತಿರುಗಿಸುವಾಗ ಹ್ಯಾಂಡ್‌ಬ್ರೇಕ್?" ಮಾಸ್ತರು.

"ಬಿಟ್ಟಿರಬೇಕು. ಮೂತಿ ಅಡ್ಡ ಹೋಗುವಾಗ ಹಿಂದಿನ ಒಂದು ಚಕ್ರ ಸ್ವಲ್ಪ ಮುಂದೆ, ಇನ್ನೊಂದು ಸ್ವಲ್ಪ ಹಿಂದೆ ಉರುಳಬೇಕು. ಹಿಡಿದಿಟ್ಟರೆ ಟೈರು ನೆಲಕ್ಕೆ ಉಜ್ಜುತ್ತೆ. ಬದಲಿಗೆ ಚಕ್ರದ ಮುಂದೆ ಹಿಂದೆ ಗೇಣು ಬಿಟ್ಟು ಮರದ ಅಡೆ ಇಡೋದು. ಆದರೆ ಜಾಕ್ ಹಾಕುವಾಗ ಹಾಗಲ್ಲ. ಆಗ ಹ್ಯಾಂಡ್‌ಬ್ರೇಕೂ ಇರಬೇಕು, ಎತ್ತುವ ತುದಿಯ ಎದುರಿನ ಚಕ್ರಕ್ಕೆ ಅಡೆಯೂ ಒತ್ತಿ ಕೂತಿರಬೇಕು."

"ತಳ್ಳೋದು ಎಲ್ಲಿ ಕೈ ಇಟ್ಟು?" ಭಾವ ಕೇಳಿದ. ಬಾಗಿಲ ಚೌಕಟ್ಟಿನ ಕಂಬಕ್ಕೋ ಬಂಪರಿನ ಬ್ರಾಕೆಟಿಗೋ ಅಂದೆ. ಹಳೇ ಕಾರಿನ ಮಡ್‌ಗಾರ್ಡ್ ತಗಡಿಗೆ ತುಕ್ಕು ಹಿಡಿದಿದ್ದರೆ ಕೈ ಒಳಗೇ ಹೋದೀತು. ಅವನು ಮಡ್‌ಗಾರ್ಡಿನ ಮೇಲಿಟ್ಟಿದ್ದ ಕೈ ಮೆಲ್ಲಗೆ ತೆಗೆದ.

ನೆಲಕ್ಕೂ ಒಂದು ದಾರಿ ಬೋಟಿನವನೇ ಹೇಳಿದ. ಡಾಲಿ ಓಡುವಷ್ಟು ಜಾಗಕ್ಕೆ ಮಾತ್ರ ದಪ್ಪ ಕಬ್ಬಿಣದ ಶೀಟು ಹಾಸು, ಗೆರೆ ಮುಚ್ಚಿಹೋಗುತ್ತೆ. ಗಟಾರದ ಮೇಲೆ ಕಲ್ಲು ಚಪ್ಪಡಿ ಹಾಕು. ಮುಂಚೆ ಗುಡಿಸು. ಜಾಕಿನ ಕೆಳಗೆ ಹಲಗೆ ಇಡು. ಡಾಲಿ ಮೇಲಿರೋ ಕಾರಿನ ಅಡಿಗೆ ಯಾವ ಕಾರಣಕ್ಕೂ ತಲೆ ಹಾಕಬೇಡ, ಚಿಲ್ಲರೆ ಬಿದ್ದು ಉರುಳಿ ಹೋದರೂ.

ಇನ್ನು ಉಳಿದದ್ದು, ಕೊಳ್ಳೋದಾ ಮಾಡಿಸೋದಾ. ಭಾವನಿಗೆ ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸುವ ಆಸೆ, ಗಾಲಿ ಪೇಟೆಯಲ್ಲಿ ಸಿಗುತ್ತೆ ಅಂತ. ಸಿಗುತ್ತೆ, ಕಪಾಟಿನ ಅಡಿಗೆ ಹಾಕೋದು! ಮಾಡಿಸೋದೇ ಆದರೆ ಒಂದೊಂದು ಗಾಲಿಗೂ ಕನಿಷ್ಠ 150 ಕಿಲೋ ತಾಕತ್ತು ಬರೆದಿರೋದನ್ನು ಕೇಳಿ ತರಬೇಕು. ಗಾಲಿಯನ್ನು ತಟ್ಟೆಗೆ ಬೋಲ್ಟ್ ಹಾಕಿ ಕೂರಿಸಬೇಕು, ವೆಲ್ಡ್ ಮಾಡಬಾರದು. ಬೆಂಕಿಗೆ ಒಳಗಿನ ಗ್ರೀಸು ಸುಟ್ಟು ಹೋಗುತ್ತೆ, ಮುಂದೆ ಒಂದು ಗಾಲಿ ಕೆಟ್ಟರೆ ಬಿಚ್ಚೋಕೂ ಬರೋದಿಲ್ಲ.

ಅಕ್ಕ ಇಷ್ಟು ಹೊತ್ತು ಬಾಗಿಲಿಗೆ ಒರಗಿ ಕೇಳುತ್ತಿದ್ದಳು. "ಆ ತಟ್ಟೆಯದ್ದರ ಮೇಲೆ ಅಡಿಕೆ ಚೀಲ ಇಟ್ಟು ತಳ್ಳಬಹುದಾ?"

"ಓಹೋ, ಧಾರಾಳ."

"ಪೆಡಲಿನದ್ದರ ಮೇಲೆ?"

"ಅದರಲ್ಲಿ ಚೀಲ ಕೂರೋದಿಲ್ಲ ಅಕ್ಕ. ನಡುವೆ ಖಾಲಿ."

"ಹಾಗಾದರೆ ತಟ್ಟೆಯದ್ದೇ ಎರಡು ತನ್ನಿ. ಜೊತೆಗೊಂದು ಟ್ರಾಲಿ ಜಾಕ್. ಕಾರು ವರ್ಷಕ್ಕೆ ಎರಡು ಸಲ ಸರಿಯೋದು, ಚೀಲ ದಿನಾ ಸರಿಯುತ್ತೆ."

ಭಾವ ಫೋನ್ ತೆಗೆದು ಆರ್ಡರ್ ಮಾಡಲು ಕೂತ. ಎಷ್ಟು ದಿನಕ್ಕೆ ಬರುತ್ತೆ ಅಂತ ಅಕ್ಕ ಕೇಳಿದಳು. ಅವನು ಕವಳ ಹಾಕಿಕೊಳ್ಳುವ ಮೊದಲೇ ಬಟ್ಟಲನ್ನು ಎತ್ತಿ ಒಳಗೆ ಒಯ್ದಳು.